ಮೇಲೆ ನೋಡದೆ ಕೂತವರು

ಜಯನಗರದ ಆ ಅಡ್ಡರಸ್ತೆಯಲ್ಲಿ ಕಾತ್ಯಾಯಿನಿಗೆ ಬುದ್ಧಿ ಹೇಳದೆ ಉಳಿದವರೆಂದರೆ ಮೂಲೆಯ ಟ್ರಾನ್ಸ್‌ಫಾರ್ಮರ್ ಮತ್ತು ಎದುರುಮನೆ ಸುಧಾಮಣಿಯ ಮುದಿ ನಾಯಿ, ಇವೆರಡೇ. ಉಳಿದವರೆಲ್ಲ ಹೇಳಿಯಾಗಿತ್ತು. ಪೇಪರ್ ಹಾಕುವವನು, "ಮೇಡಂ, ಗೇಟ್ ಹತ್ರ ಮೆಟ್ಟಿಲಿದೆ, ನೋಡ್ಕೊಂಡು" ಎಂದು ಆ ಮನೆ ಕಟ್ಟಿಸಿದವಳಿಗೇ ಎಚ್ಚರಿಕೆ ಕೊಟ್ಟು ಹೋಗುತ್ತಿದ್ದ. ಸುಧಾಮಣಿ ತಾನು ಅರ್ಧ ಖಾಲಿ ಮಾಡಿ ಬಿಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದಳು. ತರಕಾರಿ ಗಾಡಿಯವಳು ಕೇಳದಿದ್ದರೂ ಒಂದು ಕಟ್ಟು ನುಗ್ಗೆಸೊಪ್ಪು ಚೀಲಕ್ಕೆ ತುರುಕಿ, "ಮಂಡಿಗೆ ಒಳ್ಳೇದಕ್ಕ" ಎಂದಿದ್ದಳು. ಒಬ್ಬರಿಗಾದರೂ ಸಿಟ್ಟಿನಿಂದ ಎದುರಾಡೋಣವೆಂದರೆ ಎಲ್ಲರ ಕೈಯಲ್ಲೂ ಏನಾದರೊಂದು ಇರುತ್ತಿತ್ತು. ಸೊಪ್ಪು ಹಿಡಿದು ನಿಂತವರನ್ನು ಬೈಯುವುದಾದರೂ ಹೇಗೆ?

ಇಷ್ಟಕ್ಕೆಲ್ಲ ಕಾರಣ ಅವಳ ಅಂಗಳದ ತೆಂಗಿನ ಮರ.

ಗೃಹಪ್ರವೇಶದ ವರ್ಷ ಅವಳೇ ಸಸಿ ತಂದು ನೆಟ್ಟಿದ್ದು. ಮರ ನೆಟ್ಟಗೆ ಬೆಳೆಯುವ ಬದಲು ಕಾಂಪೌಂಡಿನ ಆಚೆ ರಸ್ತೆಯಲ್ಲಿ ಏನು ನಡೆಯುತ್ತಿದೆ ನೋಡೋಣ ಎಂಬಂತೆ ಸ್ವಲ್ಪ ಬಾಗಿತ್ತು. ಅದು ಇಣುಕುವ ಜಾಗದಲ್ಲೇ ಪಕ್ಕದ ಮನೆಯ ಶಶಿಧರ್ ತನ್ನ ಕಾರು ನಿಲ್ಲಿಸುತ್ತಿದ್ದ. ಗೊಟ್ಟಿಗೆರೆಯಿಂದ ಕಾಯಿ ಕೀಳಲು ಬರುತ್ತಿದ್ದವನು ತನ್ನ ಜಮೀನಿನಲ್ಲಿ ನಾಲ್ಕು ಮಹಡಿ ಏಳಿಸಿದ ಮೇಲೆ ಹತ್ತುವುದು ಬಾಡಿಗೆ ಮನೆಗಳ ಮೆಟ್ಟಿಲನ್ನು ಮಾತ್ರ. ಫೋನಿನಲ್ಲಿ ಬುಕ್ ಮಾಡಿದ ಇನ್ನೊಬ್ಬ ಬಂದು, ಕತ್ತೆತ್ತಿ ನೋಡಿ, ಮರದ ಫೋಟೋ ತೆಗೆದುಕೊಂಡು, "ಒಂದೇ ಮರ ಅಂದ್ರೆ ಆಗಲ್ಲ ಮೇಡಂ" ಎಂದು ಹೊರಟುಹೋದ. ಮತ್ತೊಬ್ಬ ನಾಳೆ ಬರ್ತೀನಿ ಎಂದಿದ್ದ. ಆ ನಾಳೆ ಇನ್ನೂ ಬಂದಿಲ್ಲ.

ಆಗಲೇ ಕಾತ್ಯಾಯಿನಿಗೆ ರೇಗಿದ್ದು. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳು. ಯಾರಿಗೂ ಕಾಯುತ್ತ ಕೂರುವ ಜಾಯಮಾನದವಳಲ್ಲ. ಕನಕಪುರ ರಸ್ತೆಯ ಒಂದು ತೋಟದಲ್ಲಿ ಹೆಂಗಸರಿಗೆ ಯಂತ್ರದಿಂದ ತೆಂಗಿನ ಮರ ಹತ್ತುವುದನ್ನು ಕಲಿಸುತ್ತಾರೆಂದು ಯಾರೋ ಹೇಳಿದರು. ಹೋಗಿ ಸೇರಿಬಿಟ್ಟಳು. ಯಂತ್ರವೆಂದರೆ ಮಹಾ ಏನಲ್ಲ, ಎರಡು ಕಬ್ಬಿಣದ ಚೌಕಟ್ಟು, ಒಂದೊಂದು ಕಾಲಿಗೆ ಒಂದೊಂದು. ಪ್ರತಿಯೊಂದರಿಂದಲೂ ಒಂದು ತಂತಿಹಗ್ಗ ಮರವನ್ನು ಸುತ್ತಿ ಬರುತ್ತದೆ, ಒಂದು ರಬ್ಬರ್ ಪಟ್ಟಿ ಮರಕ್ಕೆ ಒತ್ತಿ ಕೂರುತ್ತದೆ. ಕಾಲೂರಿದರೆ ಬಿಗಿಯುತ್ತದೆ, ಕಾಲೆತ್ತಿದರೆ ಸಡಿಲವಾಗುತ್ತದೆ. ಬಲಗಾಲು, ಎಡಗಾಲು, ಬಲಗಾಲು. ಮೆಟ್ಟಿಲು ಹತ್ತಿದ ಹಾಗೆ. ಸೊಂಟಕ್ಕೊಂದು ಬೆಲ್ಟು. ಕಲಿಸುತ್ತಿದ್ದ ಶರಣಮ್ಮ ರಾಯಚೂರು ಕಡೆಯವಳು. "ಮ್ಯಾಲ ನೋಡಬ್ಯಾಡ್ರಿ, ಕೆಳಗ ನೋಡಬ್ಯಾಡ್ರಿ, ಎದುರಿಗಿರೋ ಮರ ನೋಡ್ರಿ. ರಬ್ಬರು ತಂತಿ ಒಣಗಿರಬೇಕು, ಹತ್ತೂಕಿಂತ ಮೊದಲ ಕೈಯಾಡಿಸಿ ನೋಡ್ರಿ" ಎಂದು ದಿನವೂ ಹೇಳುತ್ತಿದ್ದಳು. ಕಾತ್ಯಾಯಿನಿ ತರಬೇತಿ ಮುಗಿಸಿ, ಯಂತ್ರವೊಂದನ್ನು ಕೊಂಡು ತಂದಳು. ಬೇಸಿಗೆಯಲ್ಲಿ ಎರಡು ಸಲ ತನ್ನ ಮರವನ್ನು ತಾನೇ ಹತ್ತಿ ಕಾಯಿ ಕಿತ್ತು, ಇಡೀ ಬೀದಿಗೆ ಎಳನೀರು ಹಂಚಿದಳು. ಗಂಡ ಕಿಟ್ಟಿ ಅವಳ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಬೀಳುವ ಹಾಗೆ ಟೀವಿಯ ಮೇಲೆ ನೇತುಹಾಕಿದ.

ಎಡವಟ್ಟಾಗಿದ್ದು ದಸರಾ ಮುಗಿದ ವಾರ. ಅರ್ಧ ಮರ ಹತ್ತಿದ್ದಳು. ಬಲಗಾಲು ಊರುತ್ತಿದ್ದಂತೆ ಚೌಕಟ್ಟು ಸರ್ರನೆ ಜಾರಿತು. ಎಡಗಾಲಿನದೂ ಅದರ ಹಿಂದೆಯೇ ಜಾರಿತು. ಒಂದು ಮೊಳದಷ್ಟು ಕೆಳಗೆ ಬಂದು, ಮರದ ಗಂಟಿಗೆ ಸಿಕ್ಕಿ ನಿಂತಿತು. ಬೆಲ್ಟು ಹಿಡಿಯಿತು, ಅವಳು ಬೀಳಲಿಲ್ಲ. ಆದರೆ ಆಮೇಲೆ ಕಾಲು ಮೇಲೆತ್ತಲೂ ಬರಲಿಲ್ಲ, ಕೆಳಗಿಳಿಸಲೂ ಬರಲಿಲ್ಲ. ಮರವನ್ನು ಅಪ್ಪಿಕೊಂಡು ಕಣ್ಣುಮುಚ್ಚಿ ನಿಂತುಬಿಟ್ಟಳು. ಕೆಳಗೆ ಬೀದಿಯೇ ಸೇರಿತು. "ಎಡಗಾಲು ಎತ್ತಿ ಆಂಟಿ!" "ಎತ್ತಬೇಡಿ ಆಂಟಿ!" "ಉಸಿರು ಬಿಡಿ!" ಎಂದು ಒಬ್ಬೊಬ್ಬರು ಒಂದೊಂದು ಕೂಗಿದರು. ಕಡೆಗೆ ಶಶಿಧರ್ ಎಲ್ಲಿಂದಲೋ ಉದ್ದದ ಏಣಿ ಹೊತ್ತು ತಂದು, "ಆಂಟಿ, ನಾನು ಹಿಡ್ಕೊಂಡಿದೀನಿ, ಒಂದು ಕಾಲು ಇತ್ಲಾಗಿಡಿ" ಎಂದು ಇಳಿಸಿಕೊಂಡ. ಅಷ್ಟರಲ್ಲಿ ಯಾರೋ ವೀಡಿಯೋ ಮಾಡಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿಯೂ ಆಗಿತ್ತು.

ಆವತ್ತಿನಿಂದ ಯಂತ್ರ ಮಂಚದ ಕೆಳಗೆ ಸೇರಿತು. ಕಾಯಿ ಬಲಿತು ಒಣಗಿ ತಾವಾಗಿಯೇ ಉದುರತೊಡಗಿದವು. ಒಂದು ಶಶಿಧರನ ಕಾರಿನ ತಲೆಯ ಮೇಲೆ ಬಿದ್ದು ತಗಡು ನಗ್ಗಿತು. ಒಳ್ಳೆಯ ಹುಡುಗ, ಜಗಳಕ್ಕೆ ಬರಲಿಲ್ಲ. "ಕಾರು ಹೋಗ್ಲಿ ಸಾರ್. ಈ ದಾರೀಲಿ ಪ್ಲೇಸ್ಕೂಲ್ ಮಕ್ಕಳು ಓಡಾಡ್ತವೆ" ಎಂದ. ಕಿಟ್ಟಿ ಅವನಿಂದಲೇ ನಂಬರು ಪಡೆದು ಮರ ಕಡಿಯುವವರಿಗೆ ಫೋನು ಮಾಡಿದ. ಹತ್ತಲು ಒಬ್ಬನೂ ಸಿಗದ ಊರಿನಲ್ಲಿ ಕಡಿಯಲು ಒಂದೇ ಫೋನಿಗೆ ಜನ ಸಿಕ್ಕರು. ಭಾನುವಾರ ಬೆಳಿಗ್ಗೆ ಬರುತ್ತೇವೆಂದರು.

"ನಿಂಗೂ ಸಮಾಧಾನ, ನಂಗೂ ಸಮಾಧಾನ" ಎಂದ ಕಿಟ್ಟಿ.

"ನಂಗೆ ಸಮಾಧಾನ ಅಂತ ಯಾರು ಹೇಳಿದ್ದು?"

"ನೀನಂತೂ ಹತ್ತಲ್ಲ."

ಅವಳಿಗೆ ಅದೇ ನಿಜವಾದ ಕಿರಿಕಿರಿ. ಹತ್ತುತ್ತೇನೆ ಎನ್ನಲು ಬಾಯಿ ಬರುತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಅಟ್ಟದ ಡಬ್ಬಿ ತೆಗೆಯಲೂ ಮೊಣಕಾಲು ನಡುಗುತ್ತಿತ್ತು. ಕಾಲಿನ ಕಸುವು ಹೋಯಿತು, ವಯಸ್ಸಾಯಿತು, ಆಗುತ್ತದೆಂದು ಅಂದುಕೊಂಡಿದ್ದೇ ತಪ್ಪು ಎಂದು ಎರಡು ತಿಂಗಳಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೀದಿಯವರ ಮಾತ್ರೆ, ಸೊಪ್ಪು, ರಾಗಿ ಅಂಬಲಿ ಎಲ್ಲವೂ ಅದನ್ನೇ ಹೇಳುತ್ತಿದ್ದವು.

ಶುಕ್ರವಾರ ಸಂಜೆ, ಇನ್ನು ಈ ಕಬ್ಬಿಣ ಕಣ್ಣೆದುರಿಗಿರುವುದೇ ಬೇಡ, ತೋಟಕ್ಕೇ ಕಳಿಸಿಬಿಡೋಣ ಎಂದು ಯಂತ್ರವನ್ನು ಮಂಚದ ಕೆಳಗಿನಿಂದ ಎಳೆದಳು. ಕಬ್ಬಿಣದ ಮೇಲೆ ಪೂಜೆಯ ದಿನ ಇಟ್ಟ ಅರಿಶಿನ ಕುಂಕುಮದ ಬೊಟ್ಟು ಹಾಗೆಯೇ ಇತ್ತು. ರಬ್ಬರಿನ ಮೇಲೆ ಮಾತ್ರ ಧೂಳು ಕಪ್ಪಗೆ, ದಪ್ಪಗೆ ಮೆತ್ತಿಕೊಂಡಿತ್ತು. ಒರೆಸಲು ಹೋದರೆ ಬೆರಳಿಗೆ ಅಂಟಿತು. ಮೂಸಿ ನೋಡಿದಳು.

ಹರಳೆಣ್ಣೆ.

ತಂತಿಹಗ್ಗದ ಮೇಲೆ ಬೆರಳೆಳೆದಳು. ಅಲ್ಲೂ ಅದೇ.

"ರೀ!"

ಆ ಕೂಗಿಗೆ ಕಿಟ್ಟಿ ಟೀವಿ ಬಿಟ್ಟು ಓಡಿಬಂದ. ಬೀಳುವುದು, ಜಾರುವುದು ಬಿಟ್ಟು ಬೇರೇನೂ ಅವನ ತಲೆಯಲ್ಲಿ ಇರಲಿಲ್ಲ. "ಎಲ್ಲಿ? ಏನಾಯ್ತು? ಕಾಲಾ?"

"ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

"ನಾನೇ. ಇನ್ಯಾರು ಹಚ್ತಾರೆ?" ಎಂದ ಕಿಟ್ಟಿ, ಕೊಂಚ ಹೆಮ್ಮೆಯಿಂದಲೇ. "ಆಯುಧಪೂಜೆ ದಿನ ಎಲ್ಲಾದಕ್ಕೂ ಹಚ್ಚಿದೆನಲ್ಲ. ಈಳಿಗೆ ಮಣೆ, ನಿನ್ನ ಹೊಲಿಗೆ ಮೆಷಿನ್ನು, ಗೇಟಿನ ಕೀಲು. ಇದೊಂದಕ್ಕೆ ಬಿಟ್ಟರೆ ಹೇಗೆ? ಪೂಜೆ ಮಾಡೋದು, ಎಣ್ಣೆ ಕೊಡದೆ ಇರೋದಾ?"

"ರಬ್ಬರಿಗೂ ಹಚ್ಚಿದ್ರಾ?"

"ಒಣಗಿ ಬಿರುಕು ಬಿಡುತ್ತೆ ಕಾತೂ. ಮೆತ್ತಗಿರ್ಲಿ ಅಂತ ಎರಡು ಸಲ ಹಚ್ಚಿ, ಆಮೇಲೆ ಬಟ್ಟೇಲಿ ಒರೆಸಿ ಹೊಳಪು ಬರಿಸಿದೆ."

"ತಂತಿಗೆ?"

"ತುಕ್ಕು ಹಿಡೀಬಾರ್ದಲ್ಲ…"

ಅಲ್ಲಿಗೆ ಅವನ ದನಿ ತಾನಾಗಿಯೇ ಇಳಿಯಿತು. ಮರ, ರಬ್ಬರು, ಎಣ್ಣೆ, ಮೂರೂ ಒಂದರ ಪಕ್ಕ ಒಂದು ಬಂದು ನಿಂತದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಅವನು ಮಂಚದ ಅಂಚಿನಲ್ಲಿ ಕುಳಿತುಕೊಂಡ.

ಕಾತ್ಯಾಯಿನಿಗೆ ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಎರಡು ತಿಂಗಳು! ನುಗ್ಗೆಸೊಪ್ಪಿನ ಪಲ್ಯ, ಸುಧಾಮಣಿಯ ಮಾತ್ರೆ, ಮೂಳೆ ಡಾಕ್ಟರು, ಎಕ್ಸ್‌ರೇ! ಈ ಮನುಷ್ಯನ ಪ್ರೀತಿ ಒಂದು ಬಟ್ಟಲು ಹರಳೆಣ್ಣೆಯಾಗಿ ಹರಿದು ಬಂದು ತನ್ನನ್ನು ಅರ್ಧ ಮರದ ಮೇಲಿಂದ ಜಾರಿಸಿದೆ. ಬೈಯೋಣವೆಂದರೆ, ಕೈಯಾಡಿಸಿ ನೋಡದೆ ಹತ್ತಿದವಳು ತಾನೇ. ಶರಣಮ್ಮ ದಿನವೂ ಹೇಳಿದ್ದಳು. ಹೊಳೆಯುವ ರಬ್ಬರನ್ನೂ ಕುಂಕುಮದ ಬೊಟ್ಟನ್ನೂ ನೋಡಿ, ಪಾಪ, ಚೆನ್ನಾಗಿ ಒರೆಸಿಟ್ಟಿದ್ದಾರೆ ಎಂದು ಸಂತೋಷಪಟ್ಟು ಹತ್ತಿದ್ದಳು. ಲೆಕ್ಕದ ಮೊದಲ ಸಾಲನ್ನೇ ತಾಳೆ ನೋಡದ ಟೀಚರು.

"ಬಿಸಿನೀರು ಕಾಯಿಸಿ" ಎಂದಳು. "ಸೀಗೆಪುಡಿ ತನ್ನಿ."

ಶನಿವಾರ ಬೆಳಗಿನ ಜಾವವೇ ಕಿಟ್ಟಿ ಹಿತ್ತಲಿನಲ್ಲಿ ಯಂತ್ರಕ್ಕೆ ಅಭ್ಯಂಜನ ಮಾಡಿಸಿದ. ಸೀಗೆಪುಡಿ ಹಾಕಿ ಉಜ್ಜಿ, ಜಿಡ್ಡು ಹೋಗುವವರೆಗೆ ತೊಳೆದು, ತಾರಸಿಯ ಬಿಸಿಲಿನಲ್ಲಿ ಒಣಗಿಸಿದ. ಮಧ್ಯಾಹ್ನ ಕಾತ್ಯಾಯಿನಿ ಚೂಡಿದಾರದ ಮೇಲೆ ಬೆಲ್ಟು ಬಿಗಿದು ಮರದ ಬುಡಕ್ಕೆ ಬಂದಳು. ಕಾರಣ ಗೊತ್ತಾಯಿತಲ್ಲ, ಇನ್ನೇನು ಹೆದರಿಕೆ ಎಂದುಕೊಂಡಿದ್ದಳು. ಎರಡು ಹೆಜ್ಜೆ ಏರಿದಳು. ಮೊಣಕಾಲು ಗಡಗಡ ನಡುಗಿತು. ಎಣ್ಣೆಯ ವಿಷಯ ತಲೆಗೆ ತಿಳಿದಿತ್ತು, ಮೊಣಕಾಲಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಸುಧಾಮಣಿ ಗೇಟು ತೆರೆದಳು. ಹಿಂದೆ ಅವಳ ಮನೆಯ ಅತಿಥಿ ಕೋಣೆಯ ಹಾಸಿಗೆ ಇಬ್ಬರ ತಲೆಯ ಮೇಲೆ ಬರುತ್ತಿತ್ತು. "ಇಲ್ಲಿ ಹಾಕಿ, ಇಲ್ಲಿ. ಇಲ್ಲ ಇಲ್ಲ, ಆಂಟಿ ಬಿದ್ರೆ ಈ ಕಡೆ ಬೀಳ್ತಾರೆ!"

"ನಾನು ಬೀಳಲ್ಲ ಸುಧಾ!"

"ಬೀಳಲ್ಲ ಆಂಟಿ, ಸುಮ್ನೆ ಒಂದು ಧೈರ್ಯಕ್ಕೆ."

ಶಶಿಧರ್ ಒಂದು ಕಂಬಳಿಯ ಎರಡು ಮೂಲೆ ಹಿಡಿದು, ಇನ್ನೆರಡನ್ನು ಕಿಟ್ಟಿಗೆ ಕೊಟ್ಟ. ಇಬ್ಬರೂ ಅದನ್ನು ಮರದ ಕೆಳಗೆ ಬಿಗಿಯಾಗಿ ಎಳೆದು ಹಿಡಿದು, ಮೇಲೆ ನೋಡುತ್ತ ನಿಂತರು. ಕಿಟ್ಟಿಯ ತುಟಿ ಅಲುಗುತ್ತಿತ್ತು, ಏನೋ ಸ್ತೋತ್ರ. ಕಾತ್ಯಾಯಿನಿ ಕೆಳಗೆ ನೋಡಿದಳು. ನೋಡಬಾರದಿತ್ತು. ಅಷ್ಟೂ ಮುಖಗಳಲ್ಲಿ ಇದ್ದದ್ದು ಒಂದೇ, ಅವಳು ಬೀಳುವ ಚಿತ್ರ. ಆ ಮುಖಗಳ ನಡುವಿನಲ್ಲಿ ತಾನು ಬಿದ್ದದ್ದನ್ನು ಅವಳೇ ಕಂಡಳು. ಎರಡು ಹೆಜ್ಜೆ ಇಳಿದು, ಬೆಲ್ಟು ಬಿಚ್ಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಹೋಗ್ಲಿ ಬಿಡು" ಎಂದು ಬಾಗಿಲಾಚೆ ಕಿಟ್ಟಿ ಮೆಲ್ಲಗೆ ಹೇಳಿದ. "ಮರ ತಾನೆ."

ಮರವೊಂದೇ ಆಗಿದ್ದರೆ ಬಿಡಬಹುದಿತ್ತು. ನಾಳೆ ಮರ ಹೋದರೆ, ಹೆದರಿ ಕಡಿಸಿದ್ದು ಎಂಬುದು ಆ ಬೋಳು ಜಾಗದಲ್ಲಿ ದಿನವೂ ಕಾಣುತ್ತಿರುತ್ತದೆ.

ಭಾನುವಾರ ಬೆಳಿಗ್ಗೆ ಕಾಫಿಯ ಲೋಟ ಇನ್ನೂ ಕೈಯಲ್ಲಿರುವಾಗಲೇ ಗೇಟಿನ ಸದ್ದಾಯಿತು. ಮರ ಕಡಿಯುವವರಲ್ಲ, ಶಶಿಧರನ ತಾಯಿ ಮುನಿಲಕ್ಷ್ಮಮ್ಮ. ಜಯನಗರ ಬರುವ ಮೊದಲೇ ಅಲ್ಲಿ ಇದ್ದ ಹಳ್ಳಿಯ ಮನೆತನದವರು. ಕಂಕುಳಲ್ಲಿ ಅವರೆಕಾಯಿಯ ಬುಟ್ಟಿ, ಅದರೊಳಗೆ ಕಾಳಿಗೊಂದು ಪಾತ್ರೆ, ಕೈಯಲ್ಲೊಂದು ಮಣೆ.

"ಟೀಚರಮ್ಮ, ನಮ್ಮನೆ ಮುಂದೆ ಬಿಸಿಲೇ ಬೀಳಾಕಿಲ್ಲ. ನಿಮ್ಮಂಗಳದಾಗೆ ಒಸಿ ಕೂತ್ಕೊಂಡು ಕಾಯಿ ಬಿಡಿಸ್ಕತೀನಿ."

ಮುನಿಲಕ್ಷ್ಮಮ್ಮನ ಮನೆಯ ಮುಂದೆ ಬೀದಿಯಲ್ಲೆಲ್ಲ ಹೆಚ್ಚು ಬಿಸಿಲು. ಕಾತ್ಯಾಯಿನಿಗೆ ತಕರಾರು ತೆಗೆಯುವ ಮನಸ್ಸಿರಲಿಲ್ಲ. "ಕೂತ್ಕೊಳ್ಳಿ" ಎಂದಳು.

ಮುದುಕಿ ಗೋಡೆಯ ಮೂಲೆಯಲ್ಲಿ, ಮರಕ್ಕೆ ಬೆನ್ನು ಮಾಡಿ ಕೂತರು. ಕಿಟ್ಟಿ ಇಣುಕಿದ. "ಕಿಟ್ಟಪ್ಪ, ಒಳ್ಳೆ ಹೊತ್ಗೆ ಬಂದೆ. ಇದು ಸೊಗಡೇ ಇಲ್ದಿರೋ ಕಾಯಿ. ಮಾರ್ಕೆಟ್ಟಿಗೆ ಹೋಗಿ ಇನ್ನೊಂದೆರಡು ಕೇಜಿ ತತ್ತೀಯಾ? ಮೂಸಿ ನೋಡಿ ತಗಾ. ಆ ಶಶೀನೂ ಕರ್ಕೊಂಡೋಗು, ಕಾರಲ್ಲೇ ಓಗಿ. ಅವನಿಗೂ ಬೇರೆ ಕೆಲಸ ಇಲ್ಲ."

"ಮರ ಕಡಿಯೋರು ಬರ್ತಾರಲ್ಲ…"

"ಅವ್ರು ಯಾವತ್ತು ಹೇಳಿದ ಹೊತ್ಗೆ ಬಂದವ್ರೆ? ಓಗಪ್ಪ."

ಕಾರು ಹೊರಟಿತು. ಮರದ ಕೆಳಗಿನ ಜಾಗ ಖಾಲಿಯಾಯಿತು. ಸುಧಾಮಣಿ ತನ್ನ ಬಾಲ್ಕನಿಗೆ ಬಂದು, "ಆಂಟಿ, ಹಾಸಿಗೆ ಕಳಿಸ್ಲಾ?" ಎಂದಳು.

"ಏಯ್, ನಿನ್ ಒಲೆ ಮೇಲೆ ಏನೋ ಸೀದೋಯ್ತಾ ಐತೆ ನೋಡು!" ಎಂದು ಮುನಿಲಕ್ಷ್ಮಮ್ಮ ಕೂಗಿದರು. ಸುಧಾಮಣಿ ಮೂಸುತ್ತ ಒಳಗೋಡಿದಳು. ಏನೂ ಸೀದ ವಾಸನೆ ಬರುತ್ತಿರಲಿಲ್ಲ.

ಅಂಗಳದಲ್ಲಿ ಇಬ್ಬರೇ ಉಳಿದರು. ಮುನಿಲಕ್ಷ್ಮಮ್ಮ ಕಾಯಿ ಸುಲಿಯುತ್ತ ಮಾತಿಗೆ ಶುರುಮಾಡಿದರು, ಯಾರಿಗೆಂದೂ ಅಲ್ಲ. ಸೊಸೆ ಅರ್ಪಿತ ಅವರೆಬೇಳೆಯನ್ನು ಪ್ಯಾಕೆಟ್ಟಿನಲ್ಲಿ ತರುತ್ತಾಳೆ. ಮೂರನೇ ಮಹಡಿಯ ಬಾಡಿಗೆಯವರು ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಆಫೀಸಿಗೆ ಹೋಗುತ್ತಾರೆ. ಈ ಚಳಿಗೆ ತನ್ನ ಬೆರಳೇ ಮಡಚುವುದಿಲ್ಲ. ಕಾತ್ಯಾಯಿನಿ ಕಾಫಿ ಲೋಟ ಕೆಳಗಿಟ್ಟಳು. ಯಂತ್ರ ಮರದ ಬುಡದಲ್ಲೇ ಇತ್ತು. ರಬ್ಬರಿನ ಮೇಲೆ ಕೈಯಾಡಿಸಿದಳು, ತಂತಿಯ ಮೇಲೂ. ಒಣಗಿತ್ತು. ಬೆಲ್ಟು ಕಟ್ಟಿ, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿದಳು. ಮುದುಕಿ ತಿರುಗಿ ನೋಡಲಿಲ್ಲ.

ಬಲಗಾಲು. ಎಡಗಾಲು. ನಿನ್ನೆ ನಿಂತ ಜಾಗ ಬಂದಿತು, ಮೊಣಕಾಲು ನಡುಗಿತು. ಎದುರಿಗಿರುವ ಮರವನ್ನು ನೋಡಿದಳು. ಸಾಲು ಸಾಲು ಗಂಟು, ಒಂದು ಬಿರುಕಿನಲ್ಲಿ ಇರುವೆ. ನಡುಕ ಹೋಗಲಿಲ್ಲ. ನಡುಗುತ್ತಲೇ ಕಾಲೂರಿದಳು, ಬಿಗಿಯಿತು. ಹಾಳಾದ್ದು ನಡುಗಿಕೊಂಡಿರಲಿ ಎಂದು ಇನ್ನೊಂದು ಕಾಲೆತ್ತಿದಳು.

ಜಾರಿದ್ದ ಜಾಗದ ಗಂಟು ಕಣ್ಣೆದುರು ಬಂದಾಗ ನಿಂತಳು. ಕೆಳಗೆ ಮಾತೂ ನಿಂತಿತು. ಈಗ ಕೂಗುತ್ತಾರೆ, ಎಡಗಾಲೋ ಬಲಗಾಲೋ ಎಂದು ಹೇಳಿಕೊಡುತ್ತಾರೆ ಎಂದು ಅವಳು ಹಲ್ಲು ಕಚ್ಚಿದಳು.

"ಅಲ್ಲ ಟೀಚರಮ್ಮ" ಎಂದರು ಮುನಿಲಕ್ಷ್ಮಮ್ಮ, ಪಕ್ಕದಲ್ಲೇ ಕೂತವಳನ್ನು ಕೇಳುವ ಹಾಗೆ. "ಹಿತುಕಿದ ಬೇಳೆ ಸಾರಿಗೆ ನೀವು ಕಾಯಿ ಹಾಕ್ತೀರೋ, ಇಲ್ವೋ?"

ಕಾತ್ಯಾಯಿನಿ ಮರದ ಮೇಲಿಂದಲೇ ಒಂದು ಕ್ಷಣ ಯೋಚಿಸಿದಳು. "ಹಾಕ್ತೀವಿ. ರುಬ್ಬಿ."

"ಗಸಗಸೆ?"

"ಒಂದು ಚಿಟಿಕೆ."

"ನಾವು ಹಾಕಾಕಿಲ್ಲ. ನಿದ್ದೆ ಬತ್ತದೆ. ಚಕ್ಕೆ ಲವಂಗ ಹಾಕ್ತೀವಿ."

"ನಮ್ಮಲ್ಲಿ ಚಕ್ಕೆ ಹಾಕಲ್ಲ."

"ಅದಕ್ಕೇ ನಿಮ್ ಸಾರು ಸಪ್ಪೆ."

"ಸಪ್ಪೆನಾ! ಹೋದ ವರ್ಷ ಎರಡು ಸಲ ಬಡಿಸಿಕೊಂಡು ತಿಂದವರು ಯಾರು?" ಎನ್ನುವಾಗ ಕಾತ್ಯಾಯಿನಿಯ ಬಲಗಾಲು ಗಂಟನ್ನು ದಾಟಿ ಮೇಲೆ ಊರಿತ್ತು. ಎಡಗಾಲು ಹಿಂದೆಯೇ ಬಂದಿತು. ಸಾರಿನ ಜಗಳ ಮುಗಿಯುವಷ್ಟರಲ್ಲಿ ಗರಿ ತಲೆಗೆ ತಾಗಿತು.

"ಮುನಿಲಕ್ಷ್ಮಮ್ಮೋರೇ, ಕಾಯಿ ಬೀಳುತ್ತೆ, ಒಳಗೆ ಹೋಗಿ."

"ನಾ ಕೂತಿರೋ ತಾವು ಬೀಳಾಕಿಲ್ಲ. ನೀ ಕುಯ್ಯಿ. ನಮ್ಮನೇಲಿ ಕಾಯಿ ಮುಗಿದೋಗಿ ಮೂರು ದಿನ ಆತು."

ಮೊದಲ ಗೊನೆ ದೊಪ್ಪನೆ ಬಿದ್ದು ಅಂಗಳ ಅದುರಿತು. ಎರಡನೆಯದು, ಒಣಗಿದ ಮಟ್ಟೆಗಳು, ಇಲಿ ಕಡಿದ ಬುರುಡೆಗಳು, ರಸ್ತೆಯ ಕಡೆ ವಾಲಿದ್ದ ಕಡೆಯ ಗೊನೆ. ಎಲ್ಲವನ್ನೂ ಇಳಿಸಿ, ಮರದ ತಲೆ ಕ್ಷೌರ ಮಾಡಿಸಿಕೊಂಡ ಹಾಗೆ ಹಗುರವಾದ ಮೇಲೆ ಅವಳು ಇಳಿದಳು. ಇಳಿಯುವಾಗಲೂ ಮೊಣಕಾಲು ನಡುಗಿತು. ಅಭ್ಯಾಸವಾದ ನಡುಕ, ಬೀದಿಯವರ ಸಲಹೆಯ ಹಾಗೆ. ಜೊತೆಗಿದ್ದರೂ ಕೆಲಸ ನಿಲ್ಲುವುದಿಲ್ಲ.

ಕಾರು ಬಂದು ನಿಂತಿತು. ಶಶಿಧರ್ ಇಳಿದವನೇ ಕತ್ತೆತ್ತಿದ. ಜೇಬಿನಿಂದ ಫೋನು ತೆಗೆದು, "ಗುರು, ಎಲ್ಲಿದೀರಾ? ಇನ್ನೂ ಹೊರಟಿಲ್ವಾ? ಹೊರಡಲೇಬೇಡಿ. ಬೇಡ" ಎಂದ. ಕಿಟ್ಟಿ ಅವರೆಕಾಯಿಯ ಚೀಲ ಹಿಡಿದು, ಅಂಗಳದ ತುಂಬ ಉರುಳಿದ ಕಾಯಿಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಬಂದ. ಅವನ ಕಣ್ಣು ಹೆಂಡತಿಯ ಕೆಂಪಾದ ಅಂಗೈಗಳ ಮೇಲೆ ಬಿತ್ತು.

"ಕೈ ನೋಡು ಹೇಗಾಗಿದೆ! ತಡಿ, ಹರಳೆಣ್ಣೆ ತರ್ತೀನಿ."

"ಕೈಗೆ ತನ್ನಿ. ಕೈಗೆ ಮಾತ್ರ. ಯಂತ್ರ ಮುಟ್ಟಿದ್ರೆ ನೋಡಿ!"

ಅವನು ಒಳಗೆ ಹೋದ. ಕಾತ್ಯಾಯಿನಿ ದಪ್ಪನೆಯ ಒಂದು ಕಾಯಿ ಆರಿಸಿ ಮುನಿಲಕ್ಷ್ಮಮ್ಮನ ಪಕ್ಕ ಇಟ್ಟು, ಅಲ್ಲೇ ನೆಲದ ಮೇಲೆ ಕೂತಳು. ಆಗ ಬುಟ್ಟಿಯ ಒಳಗೆ ಕಣ್ಣು ಹೋಯಿತು. ಕಾಳಿನ ಪಾತ್ರೆಯ ತುಂಬ ಸಿಪ್ಪೆ ಇತ್ತು. ಸಿಪ್ಪೆಯ ರಾಶಿಯಲ್ಲಿ ಹಸಿರು ಕಾಳು ಚೆಲ್ಲಾಡಿತ್ತು. ಅರ್ಧದಷ್ಟು ಕಾಯಿ ಸುಲಿಯದೆ ಮುರಿದು ಮುರಿದು ಬಿದ್ದಿದ್ದವು. ಹುಟ್ಟಿದಾಗಿನಿಂದ ಅವರೆಕಾಯಿ ಸುಲಿದ ಆ ಕೈಗೆ, ಅವಳು ಮರದ ಮೇಲಿದ್ದಷ್ಟು ಹೊತ್ತೂ ಕಾಳು ಯಾವುದು, ಸಿಪ್ಪೆ ಯಾವುದು ತಿಳಿದಿರಲಿಲ್ಲ.

"ಕಣ್ಣು ಸರ್ಯಾಗಿ ಕಾಣಾಕಿಲ್ಲ ಈಗೀಗ" ಎಂದರು ಮುನಿಲಕ್ಷ್ಮಮ್ಮ, ಮುಖ ಆಚೆ ತಿರುಗಿಸಿ.

"ಹೌದು" ಎಂದಳು ಕಾತ್ಯಾಯಿನಿ. "ಈ ಬಿಸಿಲಿಗೆ ನಂಗೂ ಹಾಗೇ." ಬುಟ್ಟಿಯನ್ನು ಇಬ್ಬರ ನಡುವೆ ಎಳೆದುಕೊಂಡು, ಸಿಪ್ಪೆಯೊಳಗಿನ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.